ಇಲ್ಲವೇ ಮಗಳನ್ನು

ಹಾಸ್ಟೆಲ್, ಶಿವಮೊಗ್ಗ
೧೨ ಜುಲೈ ೧೯೪೨

ಅಬ್ಬಾ ಅವರಿಗೆ ನಿಯಾಜ್‌ನ ಸಲಾಂ.

ನಿನ್ನೆ ಶನಿವಾರ ಕ್ಲಾಸು ಬೇಗ ಮುಗಿಯಿತು ಅಂತ ನ್ಯಾಮತಿಗೆ ಬಂದಿದ್ದೆ. ನಿಮ್ಮ ಕಲಾಯಿ ಅಂಗಡಿಯ ಹಲಗೆಗಳಿಗೆ ಮೊಳೆ ಹೊಡೆದಿದ್ದಾರೆ. ಸಂದಿಯಿಂದ ಇಣುಕಿದೆ. ಒಲೆಯ ಗುಂಡಿಗೆ ಮಣ್ಣು ತುಂಬಿದೆ, ತಿದಿ ಇಲ್ಲ, ನೀವು ಕೂರುತ್ತಿದ್ದ ಗೋಣಿ ಕೂಡ ಇಲ್ಲ. ಏನೇನೋ ಯೋಚನೆ ಬಂತು, ಬರೆಯಬಾರದ್ದು. ಪಕ್ಕದ ಬೆಲ್ಲದಂಗಡಿಯವರು "ನಿಮ್ಮಪ್ಪ ಜಗಳೂರಿಗೆ ಹೋಗಿ ಎಷ್ಟು ದಿನಾತು, ನಿನಗೆ ಗೊತ್ತಿಲ್ಲೇನೋ ಕಾಲೇಜು ಹುಡುಗ?" ಅಂತ ನಕ್ಕರು. ನಾನೂ ನಕ್ಕೆ. ಬೇರೆ ಏನು ಮಾಡೋದು?

ನನಗೆ ಯಾಕೆ ಹೇಳಲಿಲ್ಲ? ಅಮ್ಮನಿಗೂ ಗೊತ್ತಿಲ್ಲ. ನಿಮ್ಮಿಬ್ಬರ ತಲಾಖ್ ಆದಾಗ ಹೊನ್ನಾಳಿ ಮಸೀದಿ ಜಮಾತಿನವರು ಗೊತ್ತು ಮಾಡಿದ್ದು ತಂಗಿ ದಿಲ್‌ಶಾದ್ ಅಮ್ಮನ ಹತ್ತಿರ ಇರಬೇಕು, ಅವಳ ಖರ್ಚಿಗೆ ತಿಂಗಳಿಗೆ ಆರು ರೂಪಾಯಿ ನೀವು ಕೊಡಬೇಕು ಅಂತ. ರಂಜಾನ್ ಹತ್ತಿರ ಬಂತು, ಬೇಸಿಗೆಯಿಂದ ಒಂದು ಕಾಸು ಬಂದಿಲ್ಲವಂತೆ. ನಿಮಗೆ ಮೈ ಸರಿ ಇದೆಯಾ? ನಾನು ಓದು ಬಿಟ್ಟು ಬರಬೇಕಾ? ಫಿಸಿಕ್ಸ್ ಏನೂ ಅರ್ಥವಾಗ್ತಿಲ್ಲ, ಅದು ಬೇರೆ ಮಾತು.

ವಿಳಾಸ ಗೊತ್ತಿಲ್ಲ. ಜಗಳೂರು ಮೋಟಾರ್ ಸ್ಟ್ಯಾಂಡ್ ಅಂತ ಹಾಕಿದ್ದೇನೆ. ತಲುಪಿದರೆ ತಕ್ಷಣ ಬರೆಸಿ.

ನಿಮ್ಮ ಮಗ
ನಿಯಾಜ್ ಅಹಮದ್, ಜೂನಿಯರ್ ಇಂಟರ್


ಜಗಳೂರು, ಮೋಟಾರ್ ಸ್ಟ್ಯಾಂಡ್
೨೬ ಜುಲೈ

ಮಗ ನಿಯಾಜ್‌ಗೆ ನಿಮ್ಮಪ್ಪ ಖಾಜಾಸಾಬ್ ಹೇಳಿ ಬರೆಸಿದ್ದು. ಬರೆಯೋರು ನಮ್ಮ ಬಸ್ಸಿನ ಕಂಡಕ್ಟರ್ ಜುಂಜಪ್ಪ. ನಂಗೆ ಹೆಬ್ಬೆಟ್ಟು ಬಿಟ್ರೆ ಬೇರೆ ಬರವಣಿಗೆ ಇಲ್ಲ.

ಏನಂತ ಹೇಳಾದು ಮಗಾ? ತವರ ಬರ್ತಿದ್ದುದು ಮಲಾಯದಿಂದ. ಅದನ್ನ ಜಪಾನಿನೋರು ಹಿಡಕೊಂಡ ಮ್ಯಾಲೆ ಯಾವ ಅಂಗಡೀಲೂ ಒಂದು ಚೂರು ತವರ ಇಲ್ಲ. ಇದ್ದೋರು ಬೆಳ್ಳಿ ಮಾರಿದಂಗೆ ಮಾರ್ತಾರೆ. ತವರ ಇಲ್ದೆ ಕಲಾಯಿ ಹೆಂಗೆ ಹಾಕಾದು, ಉಗುಳು ಹಚ್ಚಿ ಉಜ್ಜಾದಾ? ಹೆಂಗಸರು ತಾಮ್ರದ ಹಂಡೇವು ತಂದು ಕಿಲುಬು ತೋರಿಸಿ ನನ್ನ ಬೈದು ಹೋಗ್ತಿದ್ರು, ಯುದ್ಧ ನಾನೇ ಶುರು ಮಾಡಿದಂಗೆ. ತಿದಿ ಮಾರಿ ಇಲ್ಲಿಗೆ ಬಂದೆ.

ಈಗ ಪೆಟ್ರೋಲ್ ಇಲ್ದೆ ಬಸ್ಸು ಇದ್ದಿಲು ಗ್ಯಾಸಿನ ಮ್ಯಾಲೆ ಓಡ್ತಾವೆ. ಬಸ್ಸಿನ ಹಿಂದುಗಡೆ ದೊಡ್ಡ ಒಲೆ ಕಟ್ಟವ್ರೆ. ಇದ್ದಿಲು ತುಂಬಾದು, ಉರಿಗೆ ಗಾಳಿ ಚಕ್ರ ತಿರುವಾದು, ಬೂದಿ ಕೆರೆಯಾದು ನನ್ನ ಕೆಲಸ. (ಜುಂಜಪ್ಪನ ಮಾತು: ನಿಮ್ಮ ತಂದೆ ಉರಿ ಮಾಡಿದ್ರೆ ಬಸ್ಸು ದಾವಣಗೆರೆ ಕಾಣ್ತದೆ. ಬ್ಯಾರೆಯೋರು ಮಾಡಿದ್ರೆ ಪ್ಯಾಸೆಂಜರ್ ಇಳಿದು ನೂಕಬೇಕು.)

ಸಂಬಳದಾಗೆ ಆರು ಕಳಿಸಾಕೆ ಆಗಲ್ಲ. ಮೂರು ಆಗ್ತದೆ. ಓಡಿ ಬಂದು ಅಡಗಿಲ್ಲ ನಾನು. ಜಮಾತಿನ ಯಜಮಾನ್ರು ಸದರ್ ಸಾಹೇಬ್ರು ಎಲ್ಲಾ ಕಾಗದದಾಗೇ ಕೇಳೋ ಮನುಷ್ಯ. ನೀ ಓದಿದೋನು, ಎರಡು ಸಾಲು ಅರ್ಜಿ ಬರಿ. ಹಿಂಗಿಂಗೆ ಕಷ್ಟ ಬಂದೈತೆ, ಕಾಲ ಸರಿ ಹೋಗೋ ತನಕ ಮೂರು ತಗಳ್ರಿ ಅಂತ. ಅಷ್ಟೇ. ಹೆಬ್ಬೆಟ್ಟು ಒತ್ತಿ ಕಳಿಸ್ತೀನಿ.

ಓದು ಬಿಡ್ತೀನಿ ಅಂತ ಇನ್ನೊಂದು ಸಲ ಬರೆದ್ರೆ ಬಸ್ಸು ಹತ್ತಿ ಬಂದು ಒದೀತೀನಿ.

ನಿಮ್ಮಪ್ಪ
(ಹೆಬ್ಬೆಟ್ಟು) ಖಾಜಾಸಾಬ್


ಹೊನ್ನಾಳಿ
೮ ಆಗಸ್ಟ್

ಚಿರಂಜೀವಿ ನಿಯಾಜ್‌ಗೆ ನಿಮ್ಮಮ್ಮ ಮೆಹರಾಜ್ ಬೇಗಂ ಹೇಳಿಸಿದ್ದು, ಪಕ್ಕದ ಮನೆ ನಿರ್ಮಲಮ್ಮ ಬರೆದದ್ದು. ನಿನ್ನ ಕಾಗದ ಓದಿ ಹೇಳಿದೆನಪ್ಪ. ಜಗಲಿ ಮೇಲೆ ಕೂತಿದ್ದೋರೆಲ್ಲ ಕೇಳಿ, ನಿಯಾಜ್ ಅಕ್ಷರ ಮುತ್ತಿನಂಗವೆ ಅಂದರು. ಮುಂದಿನದು ನಿಮ್ಮಮ್ಮನ ಮಾತು.

ನಿಮ್ಮ ಅಬ್ಬಾ ಬಸ್ಸಿಗೆ ಬೆಂಕಿ ಹಾಕ್ತಾರಂತ ತಿಳೀತು. ಹಾಕ್ಲಿ. ನಾನು ಅವರ ಸುದ್ದಿ ಕೇಳಿಲ್ಲ, ಹುಡುಗಿ ಖರ್ಚು ಕೇಳಿದೀನಿ. ನಮ್ಮನ್ನ ಮನೆಯಾಗಿಟ್ಟುಕೊಂಡ ನಿಮ್ಮ ಬುಡನ್ ಮಾಮು ಬಾಯಲ್ಲಿ ಏನೂ ಅನ್ನಲ್ಲ. ಅನ್ನದಿದ್ರೂ ಊಟಕ್ಕೆ ಕೂತಾಗ ದಿಲ್ಲು ತಟ್ಟೆ ಕಡೆ ನೋಡ್ತಾನೆ. ಅವಳು ಅದನ್ನ ಕಂಡು, ಹಸಿವಿಲ್ಲ ಅಂತ ಎದ್ದು ಬಿಡ್ತಾಳೆ. ಹತ್ತು ವರ್ಷದ ಹುಡುಗಿಗೆ ಹಸಿವಿಲ್ವಂತೆ. ಬೀಡಿ ಸುತ್ತಿ ನಾನು ತಂದದ್ದು ಸೀಮೆಎಣ್ಣೆಗೆ ಆಗ್ತದೆ. ಆರು ಇಲ್ದಿದ್ರೆ ಐದು ಕಳಿಸಾಕೆ ಹೇಳು, ನಾಲ್ಕು ಕಳಿಸಾಕೆ ಹೇಳು. ಕೇಳಿ ಕೇಳಿ ಬಾಯಿ ಸವೀತು.

ದಿಲ್ಲು ಇಲ್ಲೇ ನಿಂತು, ಭಾಯಿ ಬರೋವಾಗ ನೀಲಿ ಪೆನ್ಸಿಲ್ ತರಬೇಕಂತೆ ಅಂತ ಬರಿ ಅಂತಾಳೆ. ಬರೆಸಿದೀನಿ.

ನಿಮ್ಮ ತಾಯಿ
ಮೆಹರಾಜ್ ಬೇಗಂ


ಶಿವಮೊಗ್ಗ
೨೨ ಆಗಸ್ಟ್

ಅಬ್ಬಾ ಅವರಿಗೆ ಸಲಾಂ.

ಅರ್ಜಿ ಇದರ ಜೊತೆ ಇದೆ. ಎರಡು ಸಾಲು ಅಂದಿದ್ದಿರಿ, ನಾಲ್ಕು ಪುಟ ಆಗಿದೆ. ಎರಡು ಸಾಲಿನ ಅರ್ಜಿಗೆ ಯಾರು ಬೆಲೆ ಕೊಡ್ತಾರೆ? ನನ್ನ ಕ್ಲಾಸ್‌ಮೇಟ್ ಮಹೇಶ್ವರಪ್ಪನ ಚಿಕ್ಕಪ್ಪ ಚನ್ನಗಿರಿಯಲ್ಲಿ ಕಚೇರಿ ಮುಂದೆ ಕೂತು ಅರ್ಜಿ ಬರೆಯುವವರು. ಅವರ ಕೈಯ ಒಂದು ಹಳೇ ಮಾಡೆಲ್ ತರಿಸಿಕೊಂಡು, ಅದರ ಕ್ರಮದಲ್ಲೇ ಬರೆದಿದ್ದೇನೆ. ಕೊನೆಗೆ ಒಂದೇ ಬೇಡಿಕೆ ಇಡಬಾರದಂತೆ, ಇದು ಇಲ್ಲವೇ ಅದು ಅಂತ ಎರಡು ಇಡಬೇಕಂತೆ. ಅದು ಬರೀ ಫಾರ್ಮಾಲಿಟಿ. ತಲೆ ಕೆಡಿಸಿಕೊಳ್ಳಬೇಡಿ.

ಜುಂಜಪ್ಪನವರಿಂದ ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿ. ನನ್ನ ಕೈಬರಹ ಅಂತ ಯಾರಿಗೂ ಹೇಳಬೇಡಿ, ಅಮ್ಮನಿಗೆ ಬೇಜಾರಾಗಬಹುದು.

ಕಾಲೇಜಿಗೆ ಸ್ಟ್ರೈಕ್. ಹುಡುಗರು ಮೆರವಣಿಗೆ ಹೋಗ್ತಾರೆ, ನಾನು ಗೇಟಿನ ತನಕ ಹೋಗಿ ವಾಪಸ್ ಬರ್ತೀನಿ. ವಾರ್ಡನ್ ಗೇಟಿನಲ್ಲೇ ನಿಂತು ಹೆಸರು ಬರ್ಕೊಳ್ತಾರೆ. ಸ್ಕಾಲರ್‌ಶಿಪ್ ಹೋದರೆ ನಾನು ಏನು ಮಾಡಲಿ? ಟಪಾಲು ತಡವಾದರೆ ಗಾಬರಿಯಾಗಬೇಡಿ.

ನಿಮ್ಮ ಮಗ
ನಿಯಾಜ್


ಹೊನ್ನಾಳಿ
೨೦ ಅಕ್ಟೋಬರ್

ನಿಯಾಜ್,

ನಿನ್ನ ತಂಗಿನ ಕರಕೊಂಡು ಹೋದ್ರು.

ರಂಜಾನ್ ಹಬ್ಬ ಆದ ಮೇಲಿನ ಶುಕ್ರವಾರ ನಮಾಜಾದ ಮೇಲೆ ಜಮಾತು ಕೂತಿತ್ತು. ಖರ್ಚಿನ ಮಾತಂತೆ, ಬನ್ನಿ ಅಂದ್ರು. ಹೋದೆ. ಆರಕ್ಕೆ ನಾಲ್ಕು ಅಂದ್ರೂ ಒಪ್ಪಿ ಬರಾಣ ಅಂತ ಮನಸ್ನಾಗೆ ಅಂದುಕೊಂಡು ಪರದೆ ಹಿಂದೆ ಕೂತಿದ್ದೆ. ದಿಲ್ಲು ನನ್ನ ಮಡಿಲಲ್ಲಿ ತಲೆ ಇಟ್ಟಿದ್ಲು. ನಿಮ್ಮ ಅಬ್ಬಾ ಬಂದಿದ್ರು, ಕೈಯೆಲ್ಲ ಮಸಿ. ಸದರ್ ಸಾಹೇಬ್ರು ಅರ್ಜಿ ಓದಿದ್ರು. ಓದಿದ್ರು ಓದಿದ್ರು, ಮುಗೀಲೇ ಇಲ್ಲ. ಕಡೇಗೆ ಹಿಂಗೆ ಬಂತು: "ಸದರಿ ಖರ್ಚನ್ನು ಮೂರು ರೂಪಾಯಿಗೆ ಇಳಿಸತಕ್ಕದ್ದು, ಇಲ್ಲವೇ ಮಗಳನ್ನು ಅರ್ಜಿದಾರನ ವಶಕ್ಕೆ ಕೊಡಿಸತಕ್ಕದ್ದು."

ನಾನು "ಏನು?" ಅಂದುಬಿಟ್ಟೆ. ಗಂಡಸರೆಲ್ಲ ಈ ಕಡೆ ತಿರುಗಿದ್ರು.

ಸದರ್ ಸಾಹೇಬ್ರು ಕೇಳಿದ್ರು, "ಖಾಜಾಸಾಬ್, ಇದು ನಿನ್ನ ಹೆಬ್ಬೆಟ್ಟೇನೋ?"

"ಹೌದು ಸಾಹೇಬ್ರೆ."

"ಕೇಳಿ ತಿಳ್ಕೊಂಡು ಒತ್ತಿದ್ಯಾ? ನೀನೇ ಬರೆಸಿದ್ದಾ?"

ನಿಮ್ಮ ಅಬ್ಬಾ ನೆಲ ನೋಡ್ತಾ ನಿಂತ್ರು. ಆಗ ಒಬ್ಬನ ದನಿ ಬಂತು. "ಅವರಪ್ಪನೇ ಸಾಕ್ತೀನಿ ಅಂದ್ರೆ ಸಾಕಲಿ ಬಿಡ್ರಿ. ಮೂರು ರೂಪಾಯಿಗೆ ನಾನು ಅಕ್ಕಿ ಎಲ್ಲಿಂದ ತರಲಿ?" ಯಾರು ಅಂದ್ಕೊಂಡೆ? ನಿಮ್ಮ ಬುಡನ್ ಮಾಮು. ನನ್ನ ಒಡಹುಟ್ಟಿದೋನು.

ಎಲ್ರಿಗೂ ಹಗುರ ಆತು, ಹುಡುಗಿ ಅಪ್ಪನ ಹತ್ರ ಹೋಗ್ಲಿ ಅಂದ್ರು. ಯಾರೂ ಯಾರಿಗೂ ದುಡ್ಡು ಕೊಡಂಗಿಲ್ಲ, ತಗಳಂಗಿಲ್ಲ. ಹೆಣ್ಣುಮಗು ತಾಯಿ ಹತ್ರ ಇರಬೇಕಲ್ವಾ ಅಂತ ಯಾರೋ ಮುದುಕ್ರು ಅಂದ್ರು, ಕಾಜಿ ಸಾಹೇಬ್ರು ಊರಾಗಿಲ್ಲ, ಅವರು ಬಂದ ಮೇಲೆ ನೋಡಾಣ ಅಂದು ಎದ್ರು. ದಿಲ್ಲು ನನ್ನ ಸೆರಗು ಹಿಡಿದಿದ್ಲು. ಬೆರಳು ಒಂದೊಂದೇ ಬಿಡಿಸಿದ್ದು ನಾನೇ. ಅಷ್ಟು ಜನರ ಮುಂದೆ ಎಳೆದಾಡಿದ್ರೆ ಅವಳಿಗೆ ನೋವಾಗ್ತದೆ ಅಂತ.

ಕಷ್ಟ ಅಂತ ಹೇಳಿದ್ರೆ ನಾನು ಮೂರಕ್ಕೂ ಒಪ್ತಿದ್ದೆ. ಮಗಳನ್ನೇ ಕೇಳ್ತಾರೆ ಅಂತ ಕನಸಿನಾಗೂ ಅಂದುಕೊಂಡಿರಲಿಲ್ಲ. ಹನ್ನೆರಡು ವರ್ಷ ಸಂಸಾರ ಮಾಡಿದ ಮನುಷ್ಯ ಇಂಥೋರು ಅಂತ ನಂಗೆ ಗೊತ್ತಾಗಲಿಲ್ಲ ನೋಡು. ನೀನು ಇಂಗ್ಲಿಷ್ ಓದಿದೋನು. ಆ ಅರ್ಜಿಗೆ ಉತ್ತರ ಬರಿ.

ನಿಮ್ಮ ತಾಯಿ
ಮೆಹರಾಜ್ ಬೇಗಂ


ಶಿವಮೊಗ್ಗ
೨೪ ಅಕ್ಟೋಬರ್

ಅಬ್ಬಾ,

ಅಮ್ಮನ ಕಾಗದ ಬಂತು. ಮೆಸ್ಸಿನಲ್ಲಿ ನಿಂತು ಓದಿದೆ, ತಟ್ಟೆ ಕೈಯಿಂದ ಬಿತ್ತು. ಎಲ್ಲರೂ ನೋಡಿದರು. ಊರಲ್ಲಿ ಯಾರಾದರೂ ಹೋದರಾ ಅಂತ ಕೇಳಿದರು. ಹೌದು ಅಂದೆ, ಇಲ್ಲ ಅಂದೆ.

ನಿಮಗೆ ಒಂದು ಹೇಳಬೇಕು. ಆ ಮಾಡೆಲ್ ಅರ್ಜಿ ಮಕ್ಕಳ ಖರ್ಚಿಂದಲ್ಲ. ತ್ಯಾವಣಿಗೆಯ ರೈತರೊಬ್ಬರು ತಮ್ಮ ಜೋಡಿ ಎತ್ತುಗಳನ್ನು ಬೇರೆಯವರ ಕೊಟ್ಟಿಗೆಯಲ್ಲಿ ಸಾಕೋಕೆ ಬಿಟ್ಟು, ಮೇವಿನ ಖರ್ಚು ಕೊಡ್ತಿದ್ದರಂತೆ. ಮೇವಿನ ಖರ್ಚು ಇಳಿಸಬೇಕು, ಇಲ್ಲವೇ ಎತ್ತುಗಳನ್ನು ವಶಕ್ಕೆ ಕೊಡಿಸಬೇಕು ಅಂತ ಅದರಲ್ಲಿತ್ತು. ನಾನು ಮೇವು ಅನ್ನೋ ಕಡೆ ಅನ್ನ, ಬಟ್ಟೆ ಅಂತ ಹಾಕಿದೆ. ಎತ್ತು ಅನ್ನೋ ಕಡೆ ಮಗಳು ಅಂತ ಹಾಕಿದೆ. ಆಕ್ಚುಲಿ ಬರೆಯೋವಾಗ ಒಂದು ಸಲವೂ ಕೈ ನಿಲ್ಲಲಿಲ್ಲ. ಭಾಷೆ ಎಷ್ಟು ಗಂಭೀರವಾಗಿದೆ ಅಂತ ಖುಷಿಪಟ್ಟೆ.

ನೀವು ಯಾಕೆ ಸುಮ್ಮನಿದ್ದಿರಿ? ಇದನ್ನ ನನ್ನ ಮಗ ಬರೆದದ್ದು, ನಾನು ಕೇಳಿಲ್ಲ ಅಂತ ಒಂದು ಮಾತು ಹೇಳಿದ್ದರೆ ಮುಗೀತಿತ್ತಲ್ಲ? ದಿಲ್ಲು ಎಲ್ಲಿ ಮಲಗ್ತಾಳೆ? ಏನು ತಿಂತಾಳೆ? ಅಮ್ಮನಿಗೆ ನಾನು ಹೇಗೆ ಬರೆಯಲಿ? ಬರೆದರೆ ನಿರ್ಮಲಮ್ಮನವರು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದ್ತಾರೆ.

ನಿಯಾಜ್


ಜಗಳೂರು
೮ ನವೆಂಬರ್

ಮಗಾ,

ನಿನ್ನ ಹೆಸರು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ನಿನ್ನ ಸ್ಕಾಲರ್‌ಶಿಪ್ ಕಾಗದಕ್ಕೆ ವರ್ಷಾ ವರ್ಷಾ ಸಹಿ ಹಾಕೋರು ಅದೇ ಸದರ್ ಸಾಹೇಬ್ರು. ಅಪ್ಪ ಹೇಳದೇ ಇದ್ದದ್ದನ್ನ ಬರೆದು ಹೆಬ್ಬೆಟ್ಟು ಒತ್ತಿಸ್ಕೊಂಡ ಹುಡುಗ ಅಂತ ಜಮಾತಿನಾಗೆ ಮಾತಾದ್ರೆ, ಮುಂದಿನ ವರ್ಷ ನೀನೂ ನನ್ನ ಜೊತೆ ಇದ್ದಿಲು ತುಂಬಬೇಕು. ಅಷ್ಟರಾಗೆ ನಿಮ್ಮ ಮಾಮು ಮಾತಾಡಿಬಿಟ್ಟ, ಎಲ್ಲಾರೂ ಎದ್ದುಬಿಟ್ರು. ನಿಮ್ಮಮ್ಮ ಪರದೆ ಹಿಂದೆ ಅತ್ತದ್ದು ಕೇಳಿಸ್ತು.

(ಜುಂಜಪ್ಪನ ಮಾತು: ತಪ್ಪು ನಂದೂ ಐತೆ ನಿಯಾಜ್. ಅರ್ಜಿ ಬಂದಾಗ ಬಸ್ಸು ಹೊರಟಿತ್ತು. ಮೊದಲನೇ ಪುಟ ಓದಿ, ಭಾಳ ಚೆನ್ನಾಗೈತೆ ಒತ್ತು ಮಾರಾಯ ಅಂದೆ.)

ದಿಲ್ಲು ಶೆಡ್ಡಿನ ಹಿಂದೆ ಕಾಟಮ್ಮ ಅಂತ ಒಬ್ಬ ಮುದುಕಿ ಮನೆಯಾಗೆ ಮಲಗ್ತಾಳೆ. ಆಯಮ್ಮ ರೊಟ್ಟಿ ಹಾಕ್ತಾಳೆ. ಮೊದಲು ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದ್ಲು, ಅಮ್ಮಾ ಅಮ್ಮಾ ಅಂತಿದ್ಲು. ಈಗ ಬೆಳಿಗ್ಗೆ ನನಗಿಂತ ಮುಂಚೆ ಶೆಡ್ಡಿಗೆ ಬಂದು ಗಾಳಿ ತಿರುವ್ತಾಳೆ. ಮೂತಿಗೆಲ್ಲ ಮಸಿ. ಡ್ರೈವರ್ ಸಣ್ಣಪ್ಪ "ಏನಮ್ಮಾ, ಇವತ್ತು ಬಸ್ಸು ಹೋಗ್ತದಾ?" ಅಂತ ಅವಳನ್ನೇ ಕೇಳ್ತಾನೆ. "ನಾನಿದೀನಲ್ಲ" ಅಂತಾಳೆ. ನಿನ್ನೆ ನಕ್ಕಳು.

ಆದ್ರೂ ಇದು ಹುಡುಗಿ ಬೆಳೆಯೋ ಜಾಗ ಅಲ್ಲ. ಇದ್ದಿಲ ಹೊಗೆಗೆ ರಾತ್ರಿ ಕೆಮ್ತಾಳೆ, ಸ್ಕೂಲಿಲ್ಲ. ಬಕ್ರೀದ್ ಕಳೀಲಿ, ಜಮಾತಿಗೆ ನಾನೇ ಹೋಗ್ತೀನಿ. ನೀ ಅರ್ಜಿ ಬರೀಬ್ಯಾಡ. ನಿಮ್ಮಮ್ಮನಿಗೂ ಈ ವಿಷಯ ಬರೀಬ್ಯಾಡ. ಬೈಸ್ಕೊಳ್ಳಾಕೆ ನಾನಿದೀನಿ.

ನಿಮ್ಮಪ್ಪ
(ಹೆಬ್ಬೆಟ್ಟು) ಖಾಜಾಸಾಬ್


ಶಿವಮೊಗ್ಗ
೨೨ ನವೆಂಬರ್

ಅಮ್ಮಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಟರ್ಮಿನಲ್ ಪರೀಕ್ಷೆ ಇತ್ತು. ಇಲ್ಲಿ ಚಳಿ ಶುರುವಾಗಿದೆ. ದಿಲ್ಲು ಆರಾಮವಾಗಿದ್ದಾಳಂತೆ, ಒಬ್ಬರು ಅಜ್ಜಿ ನೋಡಿಕೊಳ್ತಾರಂತೆ. ಅಬ್ಬಾ ಮೇಲೆ ಅಷ್ಟೊಂದು ಕೋಪ ಬೇಡ. ಕೆಲವು ಸಲ ಕಾಗದದಲ್ಲಿ ಇರೋದಕ್ಕೂ ಮನಸ್ಸಲ್ಲಿ ಇರೋದಕ್ಕೂ ವ್ಯತ್ಯಾಸ ಇರುತ್ತೆ.

ನಿರ್ಮಲಮ್ಮನವರಿಗೆ ನನ್ನ ನಮಸ್ಕಾರ.

ನಿನ್ನ ಮಗ
ನಿಯಾಜ್


ಜಗಳೂರು
೩ ಜನವರಿ ೧೯೪೩

ಮಗ ನಿಯಾಜ್‌ಗೆ,

ದಿಲ್ಲುನ ಹೊನ್ನಾಳಿಗೆ ಬಿಟ್ಟು ಬಂದೆ. ಮೊದಲು ಅದು ಕೇಳಿ ಸಮಾಧಾನ ಮಾಡ್ಕೊ. ಆಮೇಲೆ ಉಳಿದದ್ದು.

ಬಕ್ರೀದ್ ಆದ ಮ್ಯಾಲಿನ ಶುಕ್ರವಾರ ಜಮಾತಿಗೆ ಹೋದೆ, ನಿಮ್ಮಮ್ಮನ್ನೂ ಕರೆಸಿದ್ರು. ಹುಡುಗಿನ ಮಸೀದಿ ಹೊರಗೆ ಕಟ್ಟೆ ಮ್ಯಾಲೆ ಕೂರಿಸಿ, ಇಲ್ಲೇ ಇರು ಅಂದಿದ್ದೆ. ಸದರ್ ಸಾಹೇಬ್ರು ಅರ್ಜಿ ಎಲ್ಲಿ ಅಂದ್ರು. ಇಲ್ಲ ಸಾಹೇಬ್ರೆ, ಬಾಯಲ್ಲೇ ಹೇಳ್ತೀನಿ ಅಂದೆ.

"ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗ್ತದೆ."

"ಗಾಳಿ ಕೆಲಸಾನೇ ನಂದು ಸಾಹೇಬ್ರೆ." ಒಂದಿಬ್ರು ನಕ್ರು. ಹುಡುಗಿನ ತಾಯಿ ಹತ್ರ ಬಿಡಿ, ಮೂರು ರೂಪಾಯಿ ತಪ್ಪದಂಗೆ ಕಳಿಸ್ತೀನಿ ಅಂದೆ.

ಸಾಹೇಬ್ರಿಗೆ ಸಿಟ್ಟು ಬಂತು. "ಅವತ್ತು ನೀನೇ ಬೇಕು ಅಂತ ಬರೆಸಿಕೊಟ್ಟೆ. ಇವತ್ತು ಬ್ಯಾಡ ಅಂತೀಯಾ. ಕೊಟ್ಟಿಗೆ ಬದಲಾಯಿಸಾಕೆ ಅದೇನು ದನವೇನೋ? ಕಾರಣ ಹೇಳು."

ಕಾರಣ ಏನು ಹೇಳಲಿ? ನಿಜ ಹೇಳಿದ್ರೆ ನಿನ್ನ ಹೆಸರು ಬರ್ತದೆ. ಹಣ ಸಾಲಲ್ಲ ಅಂದ್ರೆ, ಊಟ ಹಾಕ್ತಿದೀಯಲ್ಲ ನಡೀಲಿ ಅಂತಾರೆ. ಅವರು ಮಾತು ಮುಗಿಸೋ ಅಂಥ ಕಾರಣ ಒಂದೇ ಇತ್ತು. "ನಂಗೆ ಅವಳು ಬ್ಯಾಡ ಸಾಹೇಬ್ರೆ. ನನ್ನ ಕೆಲಸಕ್ಕೆ ಅಡ್ಡ ಬರ್ತಾಳೆ. ಸಾಕಾಕೆ ನಂಗೆ ಮನಸಿಲ್ಲ" ಅಂದೆ. ಗಟ್ಟಿಯಾಗೇ ಅಂದೆ, ಮತ್ತೆ ಕೇಳಬಾರದು ಅಂತ.

ಥೂ ಅಂದ್ರು. ಒಪ್ಪಿದ್ರು. ಮೂರು ರೂಪಾಯಿ, ಹುಡುಗಿ ತಾಯಿ ಹತ್ರ. ನಾನು ಮೊದಲಿಗೆ ಕೇಳಿದ್ದು ಅಷ್ಟೇ ಅಲ್ವಾ, ಅದೇ ಸಿಕ್ತು.

ತಿರುಗಿ ನೋಡಿದ್ರೆ ದಿಲ್ಲು ಬಾಗಿಲಾಗೆ ನಿಂತವ್ಳೆ. ಕಟ್ಟೆ ಮ್ಯಾಲೆ ಕೂತಿರಲಿಲ್ಲ. ನಿಮ್ಮಮ್ಮನ ಕೈ ಹಿಡ್ಕೊಂಡು ಹೋದ್ಲು, ನನ್ನ ಕಡೆ ತಿರುಗಲಿಲ್ಲ.

(ಜುಂಜಪ್ಪನ ಮಾತು: ಇದನ್ನ ಹೇಳಿ ಬರೆಸೋವಾಗ ನಿಮ್ಮ ತಂದೆ ಬೂದಿ ಕೆರೀತಾ ಇದ್ರು. ಖಾಲಿಯಾದ ಒಲೆ ಕೆರೀತಾನೇ ಇದ್ರು. ಸಾಕು ಬಿಡು ಅಂದೆ, ಬಿಡಲಿಲ್ಲ.)

ನೀ ಓದು.

(ಹೆಬ್ಬೆಟ್ಟು) ಖಾಜಾಸಾಬ್


ಹೊನ್ನಾಳಿ
೨೦ ಜನವರಿ

ಭಾಯಿಗೆ,

ಇದು ನಾನೆ ಬರೆದದು. ಜಗಳೂರಲ್ಲಿ ಜುಂಜಪ್ಪ ಮಾವ ಟಿಕೇಟಿನ ಹಿಂದೆ ಬರೆಸಿ ಕಲಿಸಿದರು. ಈಗ ಓದಾಕೂ ಬರುತೆ. ಅಮ್ಮನಿಗೆ ಗೊತಿಲ್ಲ. ನಿರ್ಮಲಮ್ಮಗೂ ಗೊತಿಲ್ಲ.

ಮಾಮು ಈಗ ನನ್ನ ತಟೆ ನೋಡಲ್ಲ. ಅಮ್ಮ ಯಾವಾಗಲೂ ಅಬ್ಬಾನ ಬೈತಾಳೆ. ಅವನಿಗೆ ನೀನು ಬೇಕಾಗಿ ಕಿತ್ಕೊಂಡ, ಸಾಕಾಗಿ ಬಿಸಾಕಿದ ಅಂತಾಳೆ.

ನಾನು ದಿನಾ ಗಾಳಿ ತಿರುವುತಿದ್ದೆ. ಒಂದು ದಿನವೂ ಬಸು ನಿಲಲಿಲ್ಲ. ಮತೆ ಅಡ್ಡ ಯಾಕೆ ಬಂದೆ?

ಅಬ್ಬಾಗೆ ನಾನು ಬ್ಯಾಡ ಅಂದದು ನಿಜಾನಾ. ನೀನು ಓದಿದವನು. ನಿಜ ಬರಿ.

ದಿಲ್‌ಶಾದ್


ಶಿವಮೊಗ್ಗ
೨೪ ಜನವರಿ

ದಿಲ್ಲು,

ನಿಜ ಅಲ್ಲ.

ನಿನ್ನ ಕಾಗದ ಬಂದಾಗಿನಿಂದ ನಾನು ಕ್ಲಾಸಿಗೆ ಹೋಗಿಲ್ಲ. ನಾಲ್ಕು ಪುಟದ ಅರ್ಜಿ ಒಂದೇ ಸಲಕ್ಕೆ ಬರೆದವನಿಗೆ ಇದನ್ನ ಬರೆಯೋಕೆ ಇಷ್ಟು ಹೊತ್ತಾಯಿತು. ನಿನಗೆ ಅರ್ಥವಾಗೋ ಹಾಗೆ ಬರೀತೀನಿ.

ಅಬ್ಬಾ ನಿನ್ನನ್ನ ಕೇಳಿರಲಿಲ್ಲ. ಆರು ರೂಪಾಯಿ ಆಗಲ್ಲ, ಮೂರು ಕೊಡ್ತೀನಿ ಅಂತ ಮಾತ್ರ ಬರೆ ಅಂದಿದ್ದರು. "ಇಲ್ಲವೇ ಮಗಳನ್ನು" ಅಂತ ಬರೆದವನು ನಾನು. ಎತ್ತಿನ ಅರ್ಜಿ ಒಂದನ್ನ ನೋಡಿ ಕಾಪಿ ಮಾಡಿದೆ, ಹಾಗೆ ಬರೆಯೋದು ಜಾಣತನ ಅಂದುಕೊಂಡೆ. ಅದನ್ನ ಪೂರ್ತಿ ಕೇಳದೆ ಅಬ್ಬಾ ಹೆಬ್ಬೆಟ್ಟು ಒತ್ತಿದರು. ಮಗ ಬರೆದದ್ದು ಅಂತ ನಂಬಿ ಒತ್ತಿದರು. ಜಮಾತಿನಲ್ಲಿ ಕೇಳಿದಾಗ ನನ್ನ ಸ್ಕಾಲರ್‌ಶಿಪ್ ಹೋಗ್ತದೆ ಅಂತ ಸುಮ್ಮನೆ ನಿಂತರು. ನಿನ್ನನ್ನ ಅಮ್ಮನ ಹತ್ತಿರ ವಾಪಸ್ ಬಿಡೋಕೆ ಬೇರೆ ದಾರಿ ಕಾಣದೆ, ನೀನು ಬೇಡ ಅಂತ ಸುಳ್ಳು ಹೇಳಿದರು. ನೀನು ಬಾಗಿಲಲ್ಲಿ ನಿಂತಿದ್ದು ಅವರಿಗೆ ಗೊತ್ತಿರಲಿಲ್ಲ. ನೀನು ಗಾಳಿ ತಿರುವೋದು, ನೀನು ನಕ್ಕದ್ದು, ಎಲ್ಲ ನನಗೆ ಹೇಳಿ ಬರೆಸಿದ್ದಾರೆ. ನೀನು ಅಡ್ಡ ಬರಲಿಲ್ಲ.

ಅರ್ಜಿ ಬರೀಬೇಡ ಅಂತ ಅಬ್ಬಾ ಬರೆಸಿದ್ದರೂ ಸದರ್ ಸಾಹೇಬರಿಗೆ ಇವತ್ತೇ ಇನ್ನೊಂದು ಕಾಗದ ಹಾಕಿದ್ದೇನೆ. ಎರಡೇ ಸಾಲು, ಆ ಮಾತು ಬರೆದವನು ನಾನು ಅಂತ. ಸ್ಕಾಲರ್‌ಶಿಪ್ ಇರುತ್ತೋ ಹೋಗುತ್ತೋ ಗೊತ್ತಿಲ್ಲ, ಭಯವಂತೂ ಆಗ್ತಿದೆ.

ಈಗ ನೀನು ಒಂದು ಕೆಲಸ ಮಾಡಬೇಕು. ಮಧ್ಯಾಹ್ನ ಅಮ್ಮ ಬೀಡಿ ಸುತ್ತೋವಾಗ ಎದುರಿಗೆ ಕೂತು, ಈ ಕಾಗದ ಗಟ್ಟಿಯಾಗಿ ಓದಿ ಹೇಳು. ಮೊದಲಿಂದ ಓದು. ನನ್ನ ಹೆಸರು ಬಂದ ಕಡೆ ಬಿಡಬೇಡ, ಮೆತ್ತಗೆ ಮಾಡಬೇಡ. ಅಮ್ಮ ಮಧ್ಯದಲ್ಲಿ ಎದ್ದು ಹೋದರೆ ಕರೀಬೇಡ. ವಾಪಸ್ ಬಂದು ಕೂರೋ ತನಕ ಕಾದಿದ್ದು, ನಿಲ್ಲಿಸಿದ ಜಾಗದಿಂದ ಓದು.

ನಿನ್ನ ಭಾಯಿ
ನಿಯಾಜ್